ಇರಾನಿನ ಸಿಂಹಾಸನ ಉರುಳಲೇಬೇಕಿತ್ತೇ?

ಕುದುರೆಮುಖದ ಕಬ್ಬಿಣದ ಅದಿರಿಗೆ ಕಣ್ಣು ಹಾಕಿದ ದೊಡ್ಡ ಗಿರಾಕಿ ಇರಾನಿನ ಚಕ್ರವರ್ತಿ. 1975ರ ಒಪ್ಪಂದದಂತೆ ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕಿತ್ತು, ನಾವು ವರ್ಷಗಟ್ಟಲೆ ಅದಿರು ಕಳಿಸಬೇಕಿತ್ತು. ಬೆಟ್ಟ ಅಗೆದು, ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿ, ಘಟ್ಟದ ಮೇಲಿನಿಂದ ಮಂಗಳೂರಿನ ಬಂದರಿಗೆ ಕೊಳವೆ ಇಳಿಸುವ ಹೊತ್ತಿಗೆ ಸಾಲ ಕೊಡಬೇಕಾದವನೇ ಸಿಂಹಾಸನದ ಮೇಲಿರಲಿಲ್ಲ. ಅರ್ಧಕ್ಕೂ ಕಡಿಮೆ ಹಣ ಬಂದು ನಿಂತುಹೋಯಿತು. ಉಳಿದದ್ದನ್ನು ಭಾರತ ಸರ್ಕಾರ ಹೊತ್ತುಕೊಂಡು ಕೆಲಸ ಮುಗಿಸಿತು, ಅದಿರಿಗೆ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಟೆಹರಾನಿನ ಬೀದಿಯಲ್ಲಿ ಎದ್ದ ಕೂಗು ಮಲೆನಾಡಿನ ಗಣಿಯವರೆಗೂ ಕೇಳಿಸಿದ್ದು ಹೀಗೆ.

1979ರ ಫೆಬ್ರವರಿಯಲ್ಲಿ ಇರಾನಿನ ಜನ ರಾಜಪ್ರಭುತ್ವವನ್ನು ಬುಡಸಮೇತ ಕಿತ್ತರು. ಕೀಳಲೇಬೇಕಿತ್ತೇ? ಎರಡು ಉತ್ತರಗಳು ಇಲ್ಲಿವೆ.

ಪರ: ಬೇರೆ ಬಾಗಿಲುಗಳನ್ನೆಲ್ಲ ಮುಚ್ಚಿದವನು ಅವನೇ

ಎರಡೂವರೆ ಸಾವಿರ ವರ್ಷಗಳ ಪರಂಪರೆಯನ್ನು ಜನ ಹಾಳುಮಾಡಿದರು ಎಂದು ಮರುಗುವವರನ್ನು ಈಗಲೂ ಕಾಣುತ್ತೇವೆ. ಲೆಕ್ಕ ಸರಿಯಿಲ್ಲ. ಸಿಂಹಾಸನದಲ್ಲಿದ್ದ ಪಹ್ಲವಿ ವಂಶಕ್ಕೆ ಆಗ ವಯಸ್ಸು 53. ಕೊಸಾಕ್ ದಳದ ಅಧಿಕಾರಿಯಾಗಿದ್ದ ರೆಜಾ ಖಾನ್ 1921ರಲ್ಲಿ ಸೈನ್ಯದ ಬಲದಿಂದ ರಾಜಧಾನಿಯನ್ನು ಹಿಡಿದ, 1925ರಲ್ಲಿ ಹಿಂದಿನ ಕಜಾರ್ ವಂಶದ ದೊರೆಯನ್ನು ಇಳಿಸಿ ತಾನೇ ಷಾ, ಎಂದರೆ ದೊರೆ, ಆದ. 1941ರಲ್ಲಿ ಬ್ರಿಟಿಷರೂ ಸೋವಿಯತ್ ಸೈನ್ಯವೂ ನುಗ್ಗಿ ಅವನನ್ನು ಇಳಿಸಿದ ಮೇಲೆ 21 ವರ್ಷದ ಮಗ ಮಹಮ್ಮದ್ ರೆಜಾ ಗದ್ದುಗೆ ಏರಿದ. ಅಪ್ಪ ಬಂದೂಕಿನಿಂದ ಬಂದ, ಮಗ ಪರದೇಶದ ಸೈನ್ಯಗಳ ನೆರಳಿನಲ್ಲಿ ಬಂದ. ಇದರಲ್ಲಿ ಪರಂಪರೆ ಎಷ್ಟು ಎಂದು ಓದುಗರೇ ತೂಗಿ ನೋಡಲಿ.

ನಿಜವಾದ ಪರಂಪರೆಯೊಂದು ಇರಾನಿನಲ್ಲಿತ್ತು, ಅದು ಜನರದ್ದು. 1906ರಲ್ಲೇ ಅವರು ಕಜಾರ್ ದೊರೆಯ ಕೈಯಿಂದ ಸಂವಿಧಾನವನ್ನೂ ಮಜ್ಲಿಸ್ ಎಂಬ ಸಂಸತ್ತನ್ನೂ ಪಡೆದಿದ್ದರು. ದೊರೆ ಗದ್ದುಗೆಯ ಮೇಲೆ ಕೂರಲಿ, ಆಳುವುದು ಬೇಡ ಎಂಬುದು ಅದರ ತಿರುಳು. ಈ ತಿರುಳಿಗೆ ಜೀವ ತುಂಬಲು ಹೊರಟವನು ಮಹಮ್ಮದ್ ಮೊಸಾದೆಗ್. 1951ರಲ್ಲಿ ಮಜ್ಲಿಸ್ ಬ್ರಿಟಿಷ್ ಕಂಪನಿಯ ಹಿಡಿತದಲ್ಲಿದ್ದ ತೈಲವನ್ನು ರಾಷ್ಟ್ರೀಕರಣ ಮಾಡಿತು, ಅವನು ಪ್ರಧಾನಿಯಾದ. ಎರಡೇ ವರ್ಷ. 1953ರ ಆಗಸ್ಟಿನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗೂಢಚಾರ ಸಂಸ್ಥೆಗಳು ಹಣ ಚೆಲ್ಲಿ ಅವನನ್ನು ಬೀಳಿಸಿದವು. ಮೊದಲ ಯತ್ನ ಕೈಕೊಟ್ಟಾಗ ಷಾ ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿಹೋಗಿದ್ದ. ಕೆಲಸ ಕೈಗೂಡಿತು ಎಂದು ಸುದ್ದಿ ಬಂದ ಮೇಲೆ ವಿಮಾನ ಹತ್ತಿ ಮರಳಿದ. ಮೊಸಾದೆಗ್ ಮೂರು ವರ್ಷ ಸೆರೆಯಲ್ಲಿದ್ದು, ಆಮೇಲೆ ತನ್ನ ಹಳ್ಳಿ ಅಹ್ಮದಾಬಾದಿನಲ್ಲಿ ಗೃಹಬಂಧನದಲ್ಲಿದ್ದು, ಆ ಬಂಧನ ಮುಗಿಯದೆಯೇ 1967ರಲ್ಲಿ ಸತ್ತ.

ಸಂವಿಧಾನಬದ್ಧ ದೊರೆಯಾಗಿ ಬಾಳುವ ಅವಕಾಶ ಈ ಷಾನ ಮನೆ ಬಾಗಿಲಿಗೇ ಬಂದಿತ್ತು, ಅದನ್ನು ಒದ್ದವನು ಅವನೇ. ಜನ ಸ್ವಲ್ಪ ತಾಳಬೇಕಿತ್ತು ಎನ್ನುವವರು 1953ರಿಂದ 1978ರವರೆಗಿನ 25 ವರ್ಷಗಳನ್ನು ಯಾವ ಖಾತೆಗೆ ಬರೆಯುತ್ತಾರೆ?

ಆ 25 ವರ್ಷಗಳಲ್ಲಿ ಆದದ್ದೇನು? 1957ರಲ್ಲಿ ಸವಾಕ್ ಎಂಬ ಗುಪ್ತ ಪೊಲೀಸ್ ಹುಟ್ಟಿತು; ಅದರ ಸೆರೆಮನೆಗಳಲ್ಲಿ ನಡೆದ ಚಿತ್ರಹಿಂಸೆ ಲೋಕಕ್ಕೆಲ್ಲ ತಿಳಿಯಿತು. ಮಜ್ಲಿಸ್‌ನಲ್ಲಿ ಅರಮನೆ ಸಾಕಿದ ಎರಡು ಪಕ್ಷಗಳಿದ್ದವು. ಜನ ಒಂದನ್ನು ‘ಹೌದು’ ಪಕ್ಷವೆಂದೂ ಇನ್ನೊಂದನ್ನು ‘ಹೌದು ಸ್ವಾಮಿ’ ಪಕ್ಷವೆಂದೂ ನಗುತ್ತಿದ್ದರು. 1975ರಲ್ಲಿ ಆ ನಗುವಿಗೂ ಜಾಗವಿಲ್ಲದಂತಾಯಿತು. ಎರಡನ್ನೂ ರದ್ದುಮಾಡಿ ರಸ್ತಾಖೇಜ್ ಎಂಬ ಒಂದೇ ಪಕ್ಷ ತಂದ ಷಾ, ಸೇರಲು ಮನಸ್ಸಿಲ್ಲದವರು ಸೆರೆಮನೆಗೆ ಹೋಗಬಹುದು, ಇಲ್ಲವೇ ಪಾಸ್‌ಪೋರ್ಟ್ ತೆಗೆದುಕೊಂಡು ದೇಶ ಬಿಡಬಹುದು ಎಂದ. ಮರುವರ್ಷ ಪಂಚಾಂಗಕ್ಕೇ ಕೈಹಾಕಿದ. ಇಸ್ಲಾಮೀ ಸೌರಮಾನದ 1355 ಆಗಬೇಕಿದ್ದ ವರ್ಷ ಪ್ರಾಚೀನ ಪರ್ಷಿಯಾದ ಸೈರಸ್ ದೊರೆಯ ಹೆಸರಿನ 2535 ಆಯಿತು. ಮದುವೆಯ ಪತ್ರ, ಬ್ಯಾಂಕಿನ ಚೆಕ್ಕು, ಶಾಲೆಯ ದಾಖಲೆ ಎಲ್ಲದರ ಮೇಲೂ ಹೊಸ ತೇದಿ. ಒಬ್ಬ ಮನುಷ್ಯನ ಜಂಬಕ್ಕಾಗಿ ಒಂದು ದೇಶ ಸಾವಿರದ ನೂರಾ ಎಂಬತ್ತು ವರ್ಷ ಮುಂದಕ್ಕೆ ಜಿಗಿದದ್ದು ಬೇರೆಲ್ಲಾದರೂ ಉಂಟೇ, ನನಗೆ ಗೊತ್ತಿಲ್ಲ.

ಅದಕ್ಕೂ ಮೊದಲು, 1971ರ ಅಕ್ಟೋಬರಿನಲ್ಲಿ, ರಾಜಪ್ರಭುತ್ವದ ಎರಡೂವರೆ ಸಾವಿರ ವರ್ಷಗಳ ಉತ್ಸವಕ್ಕೆಂದು, ಹಳೆಯ ರಾಜಧಾನಿ ಪರ್ಸೆಪೊಲಿಸ್‌ನ ಹಾಳುಗಂಬಗಳ ಪಕ್ಕದಲ್ಲಿ ರೇಷ್ಮೆಯ ಗುಡಾರಗಳ ನಗರವೊಂದು ಎದ್ದಿತ್ತು. ಅಡುಗೆ ಪ್ಯಾರಿಸ್‌ನ ಮ್ಯಾಕ್ಸಿಮ್ಸ್ ಹೋಟೆಲಿನದ್ದು. ರಾಜರು, ರಾಷ್ಟ್ರಾಧ್ಯಕ್ಷರು ಸಾಲುಗಟ್ಟಿ ಬಂದರು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ, ಆಗ ನಮ್ಮ ರಾಷ್ಟ್ರಪತಿಯಾಗಿದ್ದ ವಿ. ವಿ. ಗಿರಿಯವರೂ ಅತಿಥಿಗಳಲ್ಲಿದ್ದರು. ಸಾಮಾನ್ಯ ಇರಾನಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ, ಟೆಲಿವಿಷನ್ನಿನಲ್ಲಿ ನೋಡಬಹುದಿತ್ತು.

ಷಾ ದೇಶವನ್ನು ಆಧುನಿಕಗೊಳಿಸಿದ ಎಂಬ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. 1963ರ ‘ಶ್ವೇತ ಕ್ರಾಂತಿ’ ಜಮೀನ್ದಾರರ ಭೂಮಿಯನ್ನು ಹಂಚಿತು, ಹೆಂಗಸರಿಗೆ ಮತ ಕೊಟ್ಟಿತು, ಹಳ್ಳಿಗಳಿಗೆ ಅಕ್ಷರ ಕಲಿಸುವ ತರುಣರನ್ನು ಕಳಿಸಿತು. ಆದರೆ ಎಷ್ಟೋ ಒಕ್ಕಲಿಗೆ ಸಿಕ್ಕಿದ್ದು ಹೊಟ್ಟೆಗೆ ಸಾಲದ ತುಂಡು ನೆಲ, ಭೂಮಿಯೇ ಇಲ್ಲದ ಕೂಲಿಗಳಿಗೆ ಅದೂ ಇಲ್ಲ. ಅವರೆಲ್ಲ ಟೆಹರಾನಿನ ದಕ್ಷಿಣದ ಕೊಳೆಗೇರಿಗಳಿಗೆ ಬಂದರು. 1973ರಲ್ಲಿ ತೈಲದ ಬೆಲೆ ಏರಿ ಹಣದ ಹೊಳೆ ಹರಿದಾಗ ಬೆಲೆಗಳೂ ಉಕ್ಕಿದವು. ತಪ್ಪು ಯಾರದ್ದು? ಅರಮನೆಯ ಪ್ರಕಾರ ಅಂಗಡಿಯವರದ್ದು. ಲಾಭಕೋರರನ್ನು ಹಿಡಿಯುವ ಹೆಸರಿನಲ್ಲಿ ಪಕ್ಷದ ಹುಡುಗರು ಬಜಾರಿಗೆ ನುಗ್ಗಿದರು. ಸಾವಿರಾರು ವರ್ತಕರು ದಂಡ ಕಟ್ಟಿದರು, ಸೆರೆ ಕಂಡರು. ಮಸೀದಿಗೆ ದೇಣಿಗೆ ಕೊಡುವವರೂ ಇದೇ ವರ್ತಕರು ಎಂಬುದು ಅರಮನೆಗೆ ಹೊಳೆಯಲಿಲ್ಲ.

ಇಲ್ಲಿಗೆ ನನ್ನ ಮುಖ್ಯ ಮಾತು. ‘ಜನ ಮುಲ್ಲಾಗಳ ಹಿಂದೆ ಏಕೆ ಹೋದರು’ ಎಂದು ಕೇಳುತ್ತಾರೆ. ಕಾರ್ಮಿಕ ಸಂಘವನ್ನು ಮುರಿದವರು ಯಾರು? ಎಡಪಂಥೀಯರನ್ನು ಸೆರೆಗೆ ತಳ್ಳಿದವರು ಯಾರು? ಮೊಸಾದೆಗ್‌ನ ರಾಷ್ಟ್ರೀಯ ರಂಗದ ಬಾಯಿಗೆ ಬೀಗ ಹಾಕಿದವರು, ಪತ್ರಿಕೆಗಳಿಗೆ ಕತ್ತರಿ ಹಿಡಿದವರು ಯಾರು? ಕಾಡಿನ ಮರಗಳನ್ನೆಲ್ಲ ಕಡಿದು ಒಂದನ್ನು ಮಾತ್ರ ಬಿಟ್ಟರೆ ಮಳೆ ಬಂದಾಗ ಜನ ಅದರ ಅಡಿಯಲ್ಲೇ ನಿಲ್ಲುತ್ತಾರೆ. ದೇಶದಲ್ಲಿ ನಾಲ್ಕು ಜನ ಸೇರಿ ಮಾತಾಡಬಹುದಾದ ಜಾಗವೆಂದು ಉಳಿದದ್ದು ಮಸೀದಿ. 1964ರಿಂದ ಗಡಿಪಾರಾಗಿದ್ದ ಧರ್ಮಗುರು ಖೊಮೇನಿಯ ಭಾಷಣಗಳು ಕ್ಯಾಸೆಟ್ಟುಗಳಲ್ಲಿ ಬಂದು ಕೈಯಿಂದ ಕೈಗೆ ಹೋದದ್ದು ಅದರ ಮೂಲಕ.

1978ರ ಜನವರಿಯಲ್ಲಿ ಸರ್ಕಾರದ ಪರವಾದ ಪತ್ರಿಕೆಯೊಂದು ಖೊಮೇನಿಯನ್ನು ಹೀನಾಯವಾಗಿ ಬರೆಯಿತು. ಕೋಮ್ ಪಟ್ಟಣದಲ್ಲಿ ಪ್ರತಿಭಟಿಸಿದವರ ಮೇಲೆ ಗುಂಡು ಹಾರಿತು. ಸತ್ತವರ ನಲವತ್ತನೆಯ ದಿನದ ಶೋಕಕ್ಕೆ ತಬ್ರೀಜ್‌ನಲ್ಲಿ ಜನ ಸೇರಿದರು, ಅಲ್ಲೂ ಗುಂಡು. ಅವರ ನಲವತ್ತಕ್ಕೆ ಯಜ್ದ್. ಸಾವಿನ ತಿಥಿಯೇ ಚಳವಳಿಯ ಪಂಚಾಂಗವಾಯಿತು. ಆಗಸ್ಟಿನಲ್ಲಿ ಅಬಾದಾನಿನ ರೆಕ್ಸ್ ಚಿತ್ರಮಂದಿರಕ್ಕೆ ಬೆಂಕಿ ಬಿದ್ದು ಸುಮಾರು ನಾನೂರು ಜನ ಒಳಗೇ ಬೆಂದರು. ಬೆಂಕಿ ಇಟ್ಟವರು ಧಾರ್ಮಿಕ ಉಗ್ರರೆಂದು ಆಮೇಲೆ ಹೊರಬಂತು. ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ರಾತ್ರಿ ಇರಾನಿನಲ್ಲಿ ಬಹುಪಾಲು ಜನ ಇದು ಸವಾಕ್‌ನ ಕೆಲಸ ಎಂದು ತಡವಿಲ್ಲದೆ ನಂಬಿದರು. ತನ್ನ ಪ್ರಜೆಗಳನ್ನು ಸುಡಬಲ್ಲವನು ಎಂದು ಊರಿಗೆ ಊರೇ ಸಲೀಸಾಗಿ ನಂಬುವ ದೊರೆಗೆ ಉಳಿದಿರುವುದಾದರೂ ಏನು?

ಸೆಪ್ಟೆಂಬರ್ 8, ಶುಕ್ರವಾರ, ಟೆಹರಾನಿನ ಜಾಲೆ ಚೌಕದಲ್ಲಿ ಸೈನ್ಯ ಗುಂಡು ಹಾರಿಸಿತು. ಅಕ್ಟೋಬರಿನಲ್ಲಿ ತೈಲ ಕಾರ್ಮಿಕರು ಕೈಕಟ್ಟಿ ಕುಳಿತರು, ದೇಶದ ಬೊಕ್ಕಸವೇ ನಿಂತಿತು. ನವೆಂಬರ್ 6ರಂದು ಷಾ ಟೆಲಿವಿಷನ್ನಿನಲ್ಲಿ ‘ನಿಮ್ಮ ಕ್ರಾಂತಿಯ ದನಿ ನನಗೂ ಕೇಳಿಸಿತು’ ಎಂದ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅದೇ ವಾರ, ಹನ್ನೆರಡು ವರ್ಷ ತನ್ನ ಪ್ರಧಾನಿಯಾಗಿದ್ದ ಹೊವೇದಾನನ್ನು ಸೆರೆಗೆ ಹಾಕಿಸಿದ. ಜನವರಿಯಲ್ಲಿ ದೇಶ ಬಿಡುವಾಗ ಅವನನ್ನು ಅಲ್ಲೇ ಬಿಟ್ಟು ಹೋದ. ತನ್ನ ನೆರಳಿಗೇ ನಿಷ್ಠನಲ್ಲದವನನ್ನು ನಂಬಿ ಸಂವಿಧಾನ ಉಳಿಸಿಕೊಳ್ಳಿ ಎಂದು ಜನರಿಗೆ ಬುದ್ಧಿ ಹೇಳುವುದು ಸುಲಭ.

ಆಮೇಲೆ ಬಂದವರು ಕ್ರೂರಿಗಳಾದರು ಎಂಬುದು ನಿಜ. ಆ ಪಾಪ ಮಾಡಿದವರ ತಲೆಯ ಮೇಲಿರಲಿ, ಬೀದಿಗಿಳಿದವರ ಮೇಲಲ್ಲ. 1979ರ ಮಾರ್ಚ್ 8ರಂದು, ಹೊಸ ಆಳ್ವಿಕೆಗೆ ಇನ್ನೂ ತಿಂಗಳು ತುಂಬಿರಲಿಲ್ಲ, ತಲೆವಸ್ತ್ರದ ಕಡ್ಡಾಯವನ್ನು ವಿರೋಧಿಸಿ ಟೆಹರಾನಿನ ಹೆಂಗಸರು ಸಾವಿರಗಟ್ಟಲೆ ಹೊರಬಂದರು. ಷಾನ ವಿರುದ್ಧ ಬೀದಿಗಿಳಿದಿದ್ದವರೂ ಅವರಲ್ಲಿದ್ದರು. ಹೆದರಿಕೆ ಬಿಟ್ಟವರಿಗೆ ಎರಡನೆಯ ಸಲ ಹೊರಬರಲು ಒಂದು ತಿಂಗಳೂ ಬೇಕಾಗಲಿಲ್ಲ.

ಜನವರಿ 16ರ ಮಧ್ಯಾಹ್ನ ಟೆಹರಾನಿನ ಪತ್ರಿಕೆಯ ಮುಖಪುಟದಲ್ಲಿ ಎರಡೇ ಪದ, ಮುಕ್ಕಾಲು ಗೇಣಿನ ಅಕ್ಷರಗಳಲ್ಲಿ: ಷಾ ಹೋದ. ಬೀದಿಯಲ್ಲಿ ಕಾರುಗಳು ದೀಪ ಹಾಕಿ ಹಾರ್ನ್ ಮೊಳಗಿಸಿದವು. ಜನ ಜೇಬಿನ ನೋಟು ತೆಗೆದು, ಅದರಲ್ಲಿದ್ದ ದೊರೆಯ ಮುಖವನ್ನಷ್ಟೇ ಕತ್ತರಿಸಿ, ಆ ತೂತಿನಿಂದ ಒಬ್ಬರನ್ನೊಬ್ಬರು ನೋಡಿ ನಕ್ಕರು.

ವಿರೋಧ: ಮೂವತ್ತೇಳು ದಿನ

ನಾನು ಷಾನ ವಕೀಲನಲ್ಲ. ಮೊಸಾದೆಗ್‌ಗೆ ಆದ ಅನ್ಯಾಯ, ಸವಾಕ್, ಒಂದೇ ಪಕ್ಷ, ಹುಚ್ಚು ಪಂಚಾಂಗ, ಎಲ್ಲವನ್ನೂ ಒಪ್ಪುತ್ತೇನೆ. ಅವನು ಒಳ್ಳೆಯ ದೊರೆಯೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಅವನು ವಿಮಾನ ಹತ್ತಿದ ದಿನ ಜನರ ಕೈಯಲ್ಲಿ ಏನಿತ್ತು, ಮೂವತ್ತೇಳು ದಿನಗಳ ಒಂದು ಸರ್ಕಾರವನ್ನು ಅವರು ಏನು ಮಾಡಿದರು ಎಂಬುದು ನನ್ನ ಪ್ರಶ್ನೆ.

1979ರ ಜನವರಿಯ ಮೊದಲ ವಾರ ಪ್ರಧಾನಿಯಾದವರು ಷಾಪೂರ್ ಬಖ್ತಿಯಾರ್. ಅರಮನೆಯ ಚೇಲಾ ಅಲ್ಲ. ಮೊಸಾದೆಗ್ ಸರ್ಕಾರದಲ್ಲಿ ಕಾರ್ಮಿಕ ಇಲಾಖೆಯ ಉಪಮಂತ್ರಿಯಾಗಿದ್ದವರು, ಷಾನ ಸೆರೆಮನೆಯನ್ನು ಮತ್ತೆ ಮತ್ತೆ ಕಂಡವರು, ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಸೈನ್ಯದಲ್ಲಿ ಕಾದಿದವರು. ಅವರು ಷರತ್ತು ಹಾಕಿಯೇ ಕುರ್ಚಿ ಹಿಡಿದರು: ಷಾ ದೇಶ ಬಿಡಬೇಕು, ಸವಾಕ್ ಮುಚ್ಚಬೇಕು, ರಾಜಕೀಯ ಕೈದಿಗಳು ಹೊರಬರಬೇಕು, ಪತ್ರಿಕೆಗಳಿಗೆ ಮೂಗುದಾರವಿರಬಾರದು, ಚುನಾವಣೆ ನಡೆಯಬೇಕು. ಷಾ ಹೊರಟ. ಎರಡು ತಿಂಗಳ ಮುಷ್ಕರ ಮುಗಿಸಿ ಪತ್ರಿಕೆಗಳು ಯಾರ ಅಪ್ಪಣೆಯೂ ಇಲ್ಲದೆ ಅಚ್ಚಾದವು. ಕೈದಿಗಳು ಹೊರಬಂದರು. ಸವಾಕ್ ವಿಸರ್ಜನೆಯ ಮಸೂದೆ ಮಜ್ಲಿಸ್ ಮುಂದೆ ಬಂತು. 1906ರಿಂದ ಕೇಳುತ್ತ ಬಂದದ್ದು ಮೊದಲ ಬಾರಿಗೆ ಕೈಗೆ ಎಟುಕಿತ್ತು.

ಅದನ್ನು ಒದ್ದವರು ದಕ್ಷಿಣ ಟೆಹರಾನಿನ ಕೂಲಿಗಳೆಂದು ನಾನು ಹೇಳುವುದಿಲ್ಲ. ಓದಿದವರು ಒದ್ದರು. ಬಖ್ತಿಯಾರ್ ಅವರ ಸ್ವಂತ ಪಕ್ಷವಾದ ರಾಷ್ಟ್ರೀಯ ರಂಗವೇ, ಪ್ರಧಾನಿಯಾಗಲು ಒಪ್ಪಿದ ತಪ್ಪಿಗೆ, ಅವರನ್ನು ಹೊರಹಾಕಿತು. ರಂಗದ ನಾಯಕ ಕರೀಂ ಸಂಜಾಬಿ ನವೆಂಬರಿನಲ್ಲೇ ಪ್ಯಾರಿಸ್‌ಗೆ ಹೋಗಿ ಖೊಮೇನಿಯ ಮುಂದೆ ಹೇಳಿಕೆಗೆ ಸಹಿ ಹಾಕಿ ಬಂದಿದ್ದರು. ಮಹ್ದಿ ಬಜರ್ಗಾನ್, ಧರ್ಮಶ್ರದ್ಧೆಯೂ ಉದಾರ ಮನಸ್ಸೂ ಇದ್ದ ಎಂಜಿನಿಯರ್, ಖೊಮೇನಿ ನೇಮಿಸಿದ ಪ್ರತಿಸರ್ಕಾರದ ಪ್ರಧಾನಿಯಾಗಲು ಒಪ್ಪಿದರು. ಇವರೆಲ್ಲ, ಮುದುಕ ಖೊಮೇನಿ ಕೋಮ್‌ಗೆ ಹೋಗಿ ಪಾಠ ಹೇಳಿಕೊಂಡಿರುತ್ತಾನೆ, ಆಳುವುದು ತಾವೇ ಎಂದುಕೊಂಡರು. ಮುದುಕನೂ ಪ್ಯಾರಿಸ್‌ನಲ್ಲಿ ಕುಳಿತು ವಿದೇಶಿ ಪತ್ರಕರ್ತರಿಗೆ ಹಾಗೆಯೇ ಹೇಳುತ್ತಿದ್ದ. ಆದರೆ ನ್ಯಾಯಶಾಸ್ತ್ರ ಬಲ್ಲ ಧರ್ಮಗುರುವೇ ರಾಜ್ಯ ಆಳಬೇಕೆಂದು 1970ರಲ್ಲೇ ಇರಾಕಿನ ನಜಾಫ್‌ನಲ್ಲಿ ಸಾಲು ಉಪನ್ಯಾಸ ಕೊಟ್ಟಿದ್ದ. ಅವು ಅಚ್ಚಾಗಿದ್ದವು. ಗುಟ್ಟೇನೂ ಆಗಿರಲಿಲ್ಲ, ಓದುವ ವ್ಯವಧಾನ ಇರಲಿಲ್ಲ ಅಷ್ಟೆ.

ಫೆಬ್ರವರಿ 1ರಂದು ವಿಮಾನ ಇಳಿದ ಖೊಮೇನಿ ಆ ದಿನವೇ ಬೆಹೆಷ್ತ್-ಎ-ಜಹ್ರಾ ಸ್ಮಶಾನದಲ್ಲಿ ನಿಂತು, ‘ಈ ಸರ್ಕಾರದ ಬಾಯಿಗೆ ಗುದ್ದುತ್ತೇನೆ, ಸರ್ಕಾರವನ್ನು ನಾನು ನೇಮಿಸುತ್ತೇನೆ’ ಎಂದ. ‘ನಾವು’ ಅಲ್ಲ, ‘ನಾನು’. ಒಬ್ಬನ ಮಾತೇ ಶಾಸನವಾಗುವ ಆಳ್ವಿಕೆಯನ್ನು ಮುಗಿಸಲು ಬಂದ ಜನ ಆ ಪದಕ್ಕೆ ಚಪ್ಪಾಳೆ ತಟ್ಟಿದರು.

ಮಸೀದಿಯೊಂದೇ ಉಳಿದಿತ್ತು ಎಂಬ ವಾದವನ್ನು ಒಪ್ಪುತ್ತೇನೆ, ಅದರಿಂದ ನಾನು ತಲುಪುವ ಜಾಗ ಬೇರೆ. ಮರಗಳನ್ನೆಲ್ಲ ಕಡಿದ ನೆಲದಲ್ಲಿ ಹೊಸ ಸಸಿ ಏಳಲು ಒಂದೆರಡು ಮಳೆಗಾಲವಾದರೂ ಬೇಕು. ಪಕ್ಷ ಕಟ್ಟಬೇಕು, ಸಂಘ ಕಟ್ಟಬೇಕು, ಮುಖ ಪರಿಚಯವಾಗಬೇಕು. ದುರ್ಬಲವಾದ ಸಂವಿಧಾನಬದ್ಧ ಸರ್ಕಾರವೊಂದು ಆ ಕಾಲವನ್ನು ಕೊಡುತ್ತಿತ್ತು. ಬೇರೇನೂ ಬೆಳೆಯದ ಹೊತ್ತಿನಲ್ಲೇ ಎಲ್ಲವನ್ನೂ ಉರುಳಿಸಿದರೆ ಗೆಲ್ಲುವವರು ಯಾರೆಂದು ಬೇರೆ ಹೇಳಬೇಕೇ?

ಬೇರೆ ದಾರಿಯೇ ಇರಲಿಲ್ಲ ಎನ್ನುವವರು ಅದೇ ಚಳಿಗಾಲದ ಸ್ಪೇನನ್ನು ನೋಡಲಿ. ಮೂರೂವರೆ ದಶಕ ಫ್ರಾಂಕೋನ ಸರ್ವಾಧಿಕಾರದಲ್ಲಿದ್ದ ದೇಶ. ಅವನೇ ಆರಿಸಿ ಕೂರಿಸಿದ ದೊರೆ ಹುವಾನ್ ಕಾರ್ಲೋಸ್. 1978ರ ಡಿಸೆಂಬರ್ 6ರಂದು ಅಲ್ಲಿನ ಜನ ಹೊಸ ಸಂವಿಧಾನಕ್ಕೆ ಮತ ಹಾಕಿ, ದೊರೆಯನ್ನು ಅಲಂಕಾರದ ಮೂರ್ತಿಯಾಗಿ ಗೂಡಿನಲ್ಲಿಟ್ಟು, ಕಮ್ಯುನಿಸ್ಟರಿಂದ ಹಿಡಿದು ಎಲ್ಲರೂ ಸಂಸತ್ತಿನಲ್ಲಿ ಕುಳಿತರು. ನಾಲ್ಕೇ ದಿನ ಕಳೆದು, ಮೊಹರಂನ ತಾಸೂಆ ಮತ್ತು ಆಶುರಾ ದಿನಗಳಲ್ಲಿ, ಟೆಹರಾನಿನಲ್ಲಿ ಲಕ್ಷಾಂತರ ಜನ ಮೆರವಣಿಗೆ ಹೊರಟರು. ಎರಡೂ ಜನತೆಗೆ ಸಿಟ್ಟಿಗೆ ಕಾರಣಗಳಿದ್ದವು.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಷಾನಿಗೆ ಕ್ಯಾನ್ಸರ್ ಇತ್ತು. 1974ರಲ್ಲೇ ಪತ್ತೆಯಾಗಿದ್ದ ಅದನ್ನು ಬೆರಳೆಣಿಕೆಯ ಜನರ ಹೊರತು ಯಾರಿಗೂ ತಿಳಿಸಿರಲಿಲ್ಲ. 1980ರ ಜುಲೈ 27ರಂದು ಅವನು ಕೈರೋದಲ್ಲಿ ಸತ್ತ. ಮಗನಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅನುಭವವಿಲ್ಲದ ಹುಡುಗ ಗದ್ದುಗೆಯ ಮೇಲೆ, ರಾಜಪ್ರತಿನಿಧಿ ಮಂಡಳಿ ಪಕ್ಕದಲ್ಲಿ, ಮೊಸಾದೆಗ್‌ನ ಶಿಷ್ಯ ಪ್ರಧಾನಿ: ಸಂವಿಧಾನವೊಂದು ಚಿಗುರಲು ಇದಕ್ಕಿಂತ ಹದವಾದ ನೆಲ ಯಾವುದು? ಜನರಿಗೆ ಇದು ಗೊತ್ತಿರಲಿಲ್ಲ ಎಂಬುದು ನಿಜ, ಅದಕ್ಕಾಗಿ ಅವರನ್ನು ದೂರಲಾರೆ. ಕಾಯಿಲೆಯನ್ನು ಮುಚ್ಚಿಟ್ಟ ದೊರೆಯೇ ತನ್ನ ವಂಶಕ್ಕೆ ಕೊನೆಯ ಕೊಡಲಿ ಹಾಕಿದ.

ಗೊತ್ತಿಲ್ಲದಿದ್ದದ್ದು ಅದೊಂದೇ ಅಲ್ಲ. ಜಾಲೆ ಚೌಕದಲ್ಲಿ ಸಾವಿರಾರು ಹೆಣ ಬಿದ್ದವೆಂದು ಊರೆಲ್ಲ ಹಬ್ಬಿತು. ಹುತಾತ್ಮರ ಪ್ರತಿಷ್ಠಾನದ ಕಡತಗಳನ್ನು ಜಾಲಾಡಿದ ಇರಾನಿನ ಸಂಶೋಧಕ ಇಮಾದುದ್ದೀನ್ ಬಾಘಿ ಕಂಡದ್ದು ಆ ಚೌಕದಲ್ಲಿ 64 ಸಾವು. 1963ರಿಂದ ಕ್ರಾಂತಿಯವರೆಗಿನ ಎಲ್ಲ ಸಾವುಗಳೂ ಸೇರಿ 3,164. ಹೊಸ ಸಂವಿಧಾನದ ಪೀಠಿಕೆ ಅದನ್ನು 60 ಸಾವಿರ ಎಂದು ಬರೆದುಕೊಂಡಿತು. ಒಂದು ಸಾವೂ ಸಣ್ಣದಲ್ಲ. ಆದರೆ ಸಾವನ್ನು ಹೀಗೆ ಉಬ್ಬಿಸಿದಾಗ ರಾಜಿಯ ಮಾತು ಆಡಿದವನೆಲ್ಲ ದ್ರೋಹಿಯಾಗುತ್ತಾನೆ. ಬಖ್ತಿಯಾರ್ ಆದರು.

ಫೆಬ್ರವರಿ 11ರಂದು ಸೈನ್ಯ ತಟಸ್ಥವೆಂದು ಸಾರಿತು, ಸರ್ಕಾರ ಬಿತ್ತು. ನಾಲ್ಕೇ ದಿನಗಳಲ್ಲಿ ರೆಫಾ ಶಾಲೆಯ ಮಾಳಿಗೆಯ ಮೇಲೆ ಸೇನಾಧಿಕಾರಿಗಳನ್ನು ಗುಂಡಿಟ್ಟು ಕೊಂದರು. ಹೊವೇದಾನ ಕತೆಯನ್ನು ಅರ್ಧಕ್ಕೆ ಬಿಡಬಾರದು. ಕಾವಲುಗಾರರು ಓಡಿಹೋದ ದಿನ ಅವನೂ ಓಡಬಹುದಿತ್ತು. ನ್ಯಾಯವಾದ ವಿಚಾರಣೆ ಸಿಗುತ್ತದೆಂದು ನಂಬಿ ತಾನಾಗಿ ಶರಣಾದ. ಏಪ್ರಿಲ್ 7ರಂದು ಅವನನ್ನೂ ಗುಂಡಿಟ್ಟರು. ಹೆಂಗಸರಿಗೆ ವಿಚ್ಛೇದನದ ಹಕ್ಕು ಕೊಟ್ಟಿದ್ದ, ಹುಡುಗಿಯರ ಮದುವೆಯ ವಯಸ್ಸನ್ನು 18ಕ್ಕೆ ಏರಿಸಿದ್ದ ಕುಟುಂಬ ರಕ್ಷಣಾ ಕಾಯ್ದೆ ಆ ಫೆಬ್ರವರಿ ಮುಗಿಯುವ ಮೊದಲೇ ನಿಂತುಹೋಯಿತು. ಮುಂದೆ ಆ ವಯಸ್ಸು 9ಕ್ಕೆ ಇಳಿಯಿತು. ಟೆಹರಾನಿನಲ್ಲಿ ನ್ಯಾಯಾಧೀಶೆಯಾಗಿದ್ದ ಶಿರೀನ್ ಇಬಾದಿಯನ್ನು ಕುರ್ಚಿಯಿಂದ ಇಳಿಸಿ ಗುಮಾಸ್ತೆಯ ಕೆಲಸಕ್ಕೆ ಹಾಕಿದರು. ಕ್ರಾಂತಿಯನ್ನು ಬೆಂಬಲಿಸಿದ್ದ ಹೆಣ್ಣುಮಗಳು ಅವರು. ಮುಂದೆ 2003ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು, ಅವರನ್ನು ಇಳಿಸಿದವರಿಂದ ಅಲ್ಲ.

ಕೈಜೋಡಿಸಿದ ಉದಾರವಾದಿಗಳು ಏನಾದರು? ಸಂಜಾಬಿ ಕೆಲವೇ ವಾರಗಳಲ್ಲಿ ವಿದೇಶಾಂಗ ಖಾತೆ ಬಿಟ್ಟರು, ಕೊನೆಗೆ ದೇಶವನ್ನೇ ಬಿಟ್ಟರು. ಅಮೆರಿಕದ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ಹಿಡಿದ ಮೇಲೆ, ನವೆಂಬರಿನಲ್ಲಿ ಬಜರ್ಗಾನ್ ರಾಜೀನಾಮೆ ಕೊಟ್ಟರು. ಮೊದಲ ಅಧ್ಯಕ್ಷ ಬನಿಸದ್ರ್ 1981ರಲ್ಲಿ ಪ್ಯಾರಿಸ್‌ಗೆ ತಲೆಮರೆಸಿಕೊಂಡು ಹೋದ. ಖೊಮೇನಿಯ ಜೊತೆಗೇ ವಿಮಾನದಲ್ಲಿ ಬಂದಿಳಿದ ಕುತ್ಬ್‌ಜಾದೆಯನ್ನು 1982ರಲ್ಲಿ ಗುಂಡಿಟ್ಟರು. 1988ರಲ್ಲಿ ಸೆರೆಮನೆಗಳಲ್ಲಿ ಸಾವಿರಾರು ಕೈದಿಗಳನ್ನು ಗುಟ್ಟಾಗಿ ಕೊಂದಾಗ ಅದು ತಪ್ಪೆಂದ ಮೊಂತಜೆರಿ, ಖೊಮೇನಿಯ ಉತ್ತರಾಧಿಕಾರಿಯೆಂದು ಆರಿಸಲ್ಪಟ್ಟಿದ್ದ ಗುರು, ಆ ಸ್ಥಾನ ಕಳೆದುಕೊಂಡರು. ಬಖ್ತಿಯಾರ್ ಅವರನ್ನು 1991ರಲ್ಲಿ ಪ್ಯಾರಿಸ್ ಬಳಿಯ ಮನೆಯಲ್ಲೇ ಕೊಲ್ಲಲಾಯಿತು.

ಪಾಪ ಮಾಡಿದವರ ತಲೆಯ ಮೇಲಿರಲಿ ಎಂಬ ಮಾತು ಧರ್ಮಕ್ಕೆ ಸರಿ. ರಾಜಕಾರಣದಲ್ಲಿ ಬೀಗದ ಕೈ ಯಾರಿಗೆ ಕೊಟ್ಟೆವು ಎಂಬುದನ್ನೂ ಕೇಳಬೇಕಾಗುತ್ತದೆ. ಕೊಟ್ಟ ಬಗೆ ಹೇಗಿತ್ತೆಂದರೆ: 1979ರ ಮಾರ್ಚ್ 30 ಮತ್ತು 31ರಂದು ಜನಮತಗಣನೆ ನಡೆಯಿತು. ಮತ ಹಾಕುವ ವಯಸ್ಸನ್ನು 16ಕ್ಕೆ ಇಳಿಸಿದ್ದರು. ಪ್ರಶ್ನೆ ಒಂದೇ, ಇಸ್ಲಾಮೀ ಗಣರಾಜ್ಯ ಬೇಕೇ ಬೇಡವೇ. ಹಸಿರು ಚೀಟಿ ಎಂದರೆ ಬೇಕು, ಕೆಂಪು ಚೀಟಿ ಎಂದರೆ ಬೇಡ. ನೂರಕ್ಕೆ 98ಕ್ಕೂ ಹೆಚ್ಚು ಹಸಿರು ಚೀಟಿಗಳು ಬಿದ್ದವು. ಆ ಗಣರಾಜ್ಯದ ಸಂವಿಧಾನದ ಕರಡು ಅಂದಿಗೆ ಇನ್ನೂ ಪ್ರಕಟವಾಗಿರಲಿಲ್ಲ.